ನೋವಿನ ಮಾತ್ರೆಯ ಚಟಕ್ಕೆ ಮದ್ದುಂಟು: ಎಲ್ಲಿಗೆ ಹೋಗಬೇಕು, ಏನು ಕೇಳಬೇಕು?

ಮಗ ನೋವಿನ ಮಾತ್ರೆಗೋ ಬ್ರೌನ್ ಶುಗರ್‌ಗೋ ಬಿದ್ದಿದ್ದಾನೆ ಎಂದು ಗೊತ್ತಾದ ರಾತ್ರಿ ಮನೆಯವರು ಮೊದಲು ಮಾಡುವ ಕೆಲಸ ಫೋನ್ ಹಿಡಿದು ಡಿ-ಅಡಿಕ್ಷನ್ ಸೆಂಟರ್ ಹುಡುಕುವುದು. ಸಿಕ್ಕಿದ ಮೊದಲ ನಂಬರಿಗೆ ಕರೆ ಹೋಗುತ್ತದೆ. ‘ಮೂರು ತಿಂಗಳು ನಮ್ಮ ಕೈಗೆ ಬಿಡಿ, ನಾವೇ ಗಾಡಿ ತಂದು ಕರ್ಕೊಂಡು ಹೋಗ್ತೀವಿ, ಅಡ್ವಾನ್ಸ್ ಇಷ್ಟು ಕಟ್ಟಿ’ ಎಂಬ ಉತ್ತರ ಬರುತ್ತದೆ. ಅಪ್ಪ ದುಡ್ಡು ಎಷ್ಟೆಂದು ಕೇಳುತ್ತಾನೆ, ಅಮ್ಮ ಊಟ ಹೇಗೆಂದು ಕೇಳುತ್ತಾಳೆ. ಅಲ್ಲಿ ಏನು ಮದ್ದು ಕೊಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಮೂರು ತಿಂಗಳ ನಂತರ ಹುಡುಗ ಮೈಕೈ ತುಂಬಿಕೊಂಡು ಮನೆಗೆ ಬರುತ್ತಾನೆ, ಮನೆಯಲ್ಲಿ ಸಿಹಿ ಊಟವೂ ಆಗುತ್ತದೆ. ಕೆಲವೇ ವಾರಗಳಲ್ಲಿ ಮತ್ತೆ ಅದೇ ಕಥೆ. ಕೆಲವು ಮನೆಗಳಲ್ಲಿ ಕಥೆ ಅಲ್ಲಿಗೇ ಮುಗಿದೂ ಬಿಡುತ್ತದೆ: ಹಳೆಯ ಅಳತೆಯಲ್ಲೇ ತೆಗೆದುಕೊಂಡ ಒಂದು ಡೋಸ್ ಈಗ ಜೀವ ತೆಗೆಯುತ್ತದೆ.

ಈ ಸಾವು ತಪ್ಪಿಸಬಹುದಾದದ್ದು. ಅದಕ್ಕೆ ಮದ್ದು ಇದೆ, ದಶಕಗಳಿಂದ ಇದೆ, ನಮ್ಮ ರಾಜ್ಯದಲ್ಲೂ ಸಿಗುತ್ತದೆ. ಎಲ್ಲಿ ಸಿಗುತ್ತದೆ, ಹೇಗೆ ಕೇಳಬೇಕು ಎಂಬುದೇ ಬಹಳ ಮನೆಗಳಿಗೆ ಗೊತ್ತಿಲ್ಲ.

ಮೊದಲು ಹಿನ್ನೆಲೆ, ಚಿಕ್ಕದಾಗಿ. ಅಫೀಮು, ಅದರಿಂದ ಬರುವ ಮಾರ್ಫಿನ್, ಕೋಡೀನ್, ಹೆರಾಯಿನ್, ಪ್ರಯೋಗಾಲಯದಲ್ಲಿ ತಯಾರಾಗುವ ಟ್ರಮಡಾಲ್, ಟಪೆಂಟಡಾಲ್, ಫೆಂಟನಿಲ್ ಎಲ್ಲವೂ ಓಪಿಯಾಯ್ಡ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಬ್ರೌನ್ ಶುಗರ್ ಎಂದರೆ ಕಲಬೆರಕೆಯ ಹೆರಾಯಿನ್. ಅಮೆರಿಕದಲ್ಲಿ ಈ ಪಿಡುಗು ಶುರುವಾದದ್ದು 1990ರ ದಶಕದಲ್ಲಿ, ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಗಳಿಂದ. ಆಮೇಲೆ ಹೆರಾಯಿನ್ ಬಂತು, ಫೆಂಟನಿಲ್ ಬಂತು. 2022ರಲ್ಲಿ ಅಲ್ಲಿ ಮಾದಕ ದ್ರವ್ಯದ ಅತಿ ಡೋಸ್‌ನಿಂದ ಸತ್ತವರು 1 ಲಕ್ಷಕ್ಕೂ ಹೆಚ್ಚು. ನಮ್ಮ ದೇಶದ ಲೆಕ್ಕವೂ ಹಗುರವಾಗಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ಸುಮಾರು 2.26 ಕೋಟಿ ಜನ ಓಪಿಯಾಯ್ಡ್ ಬಳಸುತ್ತಾರೆ. ಅವರಲ್ಲಿ ಸುಮಾರು 77 ಲಕ್ಷ ಜನರಿಗೆ ನೆರವು ಬೇಕು. ಇದು ಪಂಜಾಬಿನ ಕಷ್ಟ, ನಮ್ಮದಲ್ಲ ಎನ್ನುವವರು ಊರಿನ ಪೊಲೀಸ್ ಠಾಣೆಯಲ್ಲಿ ಒಮ್ಮೆ ವಿಚಾರಿಸಬಹುದು. ಟಪೆಂಟಡಾಲ್ ಮಾತ್ರೆ ಹಿಡಿದ ಸುದ್ದಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲೂ ಬರುತ್ತಿರುತ್ತದೆ.

‘ಮನಸ್ಸು ಗಟ್ಟಿ ಮಾಡ್ಕೋ’ ಎಂದರೆ ಯಾಕೆ ಸಾಲದು

ನೋವನ್ನು ತಗ್ಗಿಸುವ, ನೆಮ್ಮದಿ ಕೊಡುವ ರಾಸಾಯನಿಕಗಳನ್ನು ನಮ್ಮ ಮಿದುಳು ತಾನೇ ತಯಾರಿಸುತ್ತದೆ. ಅವು ಬಂದು ಕೂರಲು ಮಿದುಳಿನಲ್ಲಿ ಗ್ರಾಹಕಗಳೆಂಬ ಜಾಗಗಳಿವೆ. ಹೊರಗಿನ ಓಪಿಯಾಯ್ಡ್ ಅದೇ ಜಾಗದಲ್ಲಿ ಬಂದು ಕೂರುತ್ತದೆ, ಅದೂ ಬಹಳ ಜೋರಿನಿಂದ. ದಿನಾ ಹೀಗಾದರೆ ಮಿದುಳು ತನ್ನ ಸ್ವಂತ ತಯಾರಿಕೆ ಕಡಿಮೆ ಮಾಡುತ್ತದೆ, ಗ್ರಾಹಕಗಳೂ ಮೊಂಡಾಗುತ್ತವೆ. ಮೊದಲು ಒಂದು ಮಾತ್ರೆ ಸಾಕಾಗುತ್ತಿದ್ದವನಿಗೆ ಈಗ ಹತ್ತು ಬೇಕು. ಆ ಹತ್ತೂ ಮಜಾಕ್ಕಲ್ಲ, ಸುಮ್ಮನೆ ಎದ್ದು ಓಡಾಡುವುದಕ್ಕೆ.

ಹೆರಾಯಿನ್ ನಿಂತ ಎಂಟು-ಹನ್ನೆರಡು ತಾಸಿಗೆ ಮೈ ಲೆಕ್ಕ ಕೇಳಲು ಶುರು ಮಾಡುತ್ತದೆ. ಬಿಡದ ಆಕಳಿಕೆ, ಕಣ್ಣು-ಮೂಗಲ್ಲಿ ನೀರು, ಮೈಯೆಲ್ಲ ಮುಳ್ಳೇಳುವುದು, ಮೂಳೆ ಹಿಂಡಿದಂಥ ನೋವು, ಹೊಟ್ಟೆ ನುಲಿತ, ಭೇದಿ, ನಿದ್ದೆಯೇ ಇಲ್ಲದ ರಾತ್ರಿ. ಮನೆಯವರು ಇದನ್ನು ವೈರಲ್ ಜ್ವರ ಎಂದುಕೊಂಡು ಕಷಾಯ ಕೊಡುತ್ತಾರೆ, ಡೆಂಗಿ ಟೆಸ್ಟ್ ಮಾಡಿಸುತ್ತಾರೆ. ಎರಡು-ಮೂರನೆಯ ದಿನ ಇದರ ತುತ್ತತುದಿ. ವಾರ-ಹತ್ತು ದಿನಕ್ಕೆ ಮೈ ತಣ್ಣಗಾಗುತ್ತದೆ. ಆದರೆ ಒಳಗಿನ ತುಡಿತ ಹಾಗೆ ತಣ್ಣಗಾಗುವುದಿಲ್ಲ, ತಿಂಗಳುಗಟ್ಟಲೆ ಉಳಿಯುತ್ತದೆ.

ಜನರು ‘ಬಿಡಿಸುವುದು’ ಎನ್ನುವುದು ಈ ಮೊದಲ ಹತ್ತು ದಿನವನ್ನು ಮಾತ್ರ. ಬಾಗಿಲು ಹಾಕಿ ಕೂರಿಸಿದರೂ ಆ ಹತ್ತು ದಿನ ಹೇಗೋ ದಾಟುತ್ತದೆ. ನಿಜವಾದ ಅಪಾಯ ಇರುವುದು ಆಮೇಲೆ. ಮೈ ಹಳೆಯ ಡೋಸನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ, ಮನಸ್ಸು ಹಳೆಯ ಡೋಸನ್ನು ಮರೆತಿರುವುದಿಲ್ಲ. ಆದ್ದರಿಂದಲೇ ಶಿಬಿರ, ಸೆಂಟರ್ ಅಥವಾ ಜೈಲಿನಿಂದ ಹೊರಬಂದ ಮೊದಲ ಕೆಲವು ವಾರ ಅತಿ ಡೋಸ್‌ನ ಸಾವಿಗೆ ಅತಿ ಹತ್ತಿರದ ಕಾಲ. ಬರೀ ಕೂಡಿಹಾಕಿ ಬಿಡಿಸಿ ಮನೆಗೆ ಕಳಿಸುವುದನ್ನು ನಾನು ಚಿಕಿತ್ಸೆ ಎಂದು ಕರೆಯಲಾರೆ.

ಮದ್ದು ಹೇಗೆ ಕೆಲಸ ಮಾಡುತ್ತದೆ

ಬ್ಯೂಪ್ರಿನಾರ್ಫಿನ್ ಎಂಬ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇದು ಮತ್ತು ಇದೇ ಕೆಲಸಕ್ಕೆ ಬಳಸುವ ಮೆಥಡೋನ್ ಎಂಬ ಇನ್ನೊಂದು ಮದ್ದು 2005ರಿಂದಲೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿವೆ.

ಜಾತ್ರೆಗೆ ಹೊರಟ ಕೆಂಪು ಬಸ್ಸಿನಲ್ಲಿ ಕಿಟಕಿಯಿಂದಲೇ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೀವು ನೋಡಿದ್ದೀರಿ. ಬ್ಯೂಪ್ರಿನಾರ್ಫಿನ್ ಆ ಜಾತಿಯದು. ಗ್ರಾಹಕದ ಸೀಟನ್ನು ಗಟ್ಟಿಯಾಗಿ ಹಿಡಿದು ಕೂರುತ್ತದೆ. ಅದೂ ಓಪಿಯಾಯ್ಡೇ ಆದ್ದರಿಂದ ಮೈನೋವು, ತುಡಿತ ಎರಡೂ ಇಳಿಯುತ್ತವೆ. ಆದರೆ ಅರೆ ಬಲದ್ದಾದ್ದರಿಂದ ಒಂದು ಮಟ್ಟದ ಮೇಲೆ ಅಮಲೂ ಏರುವುದಿಲ್ಲ, ಉಸಿರೂ ಅಷ್ಟಾಗಿ ಕುಗ್ಗುವುದಿಲ್ಲ. ಆಮೇಲೆ ಹೆರಾಯಿನ್ ಹತ್ತಿ ಬಂದರೂ ಕೂರಲು ಸೀಟೇ ಇರುವುದಿಲ್ಲ. ನಾಲ್ಟ್ರೆಕ್ಸೋನ್ ಎಂಬ ಇನ್ನೊಂದು ಮಾತ್ರೆಯಿದೆ. ಅದು ಟವೆಲ್ ಮಾತ್ರ ಹಾಕುತ್ತದೆ, ಕೂರುವುದಿಲ್ಲ: ಅಮಲನ್ನು ತಡೆಯುತ್ತದೆ, ನೆಮ್ಮದಿ ಕೊಡುವುದಿಲ್ಲ. ಓಪಿಯಾಯ್ಡ್ ಪೂರ್ತಿ ನಿಂತು ವಾರ-ಹತ್ತು ದಿನವಾದ ಮೇಲಷ್ಟೇ ಅದನ್ನು ಶುರು ಮಾಡಲು ಬರುತ್ತದೆ. ಮನೆಯವರು ಎದುರಲ್ಲೇ ನುಂಗಿಸುವ ಶಿಸ್ತಿದ್ದ ಕಡೆ ಅದೂ ಒಳ್ಳೆಯ ಮದ್ದು.

‘ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸಿದ ಹಾಗಾಯ್ತಲ್ಲ?’ ಎಂದು ಎಲ್ಲರೂ ಕೇಳುತ್ತಾರೆ. ಕೇಳುವುದು ಸಹಜ. ಮೈ ಈ ಮಾತ್ರೆಗೆ ಒಗ್ಗಿಕೊಳ್ಳುತ್ತದೆ ಎಂಬುದು ನಿಜ, ದಿಢೀರನೆ ನಿಲ್ಲಿಸಿದರೆ ತೊಂದರೆಯೂ ಆಗುತ್ತದೆ. ಆದರೆ ಚಟ ಎಂದರೆ ಮನೆಯ ಪಾತ್ರೆ ಮಾರುವುದು, ಸೂಜಿ ಹಂಚಿಕೊಳ್ಳುವುದು, ಕೆಲಸ ಕಳೆದುಕೊಳ್ಳುವುದು. ದಿನಕ್ಕೊಮ್ಮೆ ಮಾತ್ರೆ ಇಟ್ಟುಕೊಂಡು ಗ್ಯಾರೇಜಿಗೆ ಹೋಗಿ ದುಡಿದು ಸಂಜೆ ಮನೆಗೆ ಬರುವವನ ಬದುಕು ಅದಲ್ಲ. ಈ ಮದ್ದಿನಲ್ಲಿ ಇರುವಷ್ಟು ಕಾಲ ಸಾವಿನ ಸಂಭವ ಸುಮಾರು ಅರ್ಧದಷ್ಟು ಇಳಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಫ್ರಾನ್ಸ್ ದೇಶ 1990ರ ದಶಕದ ನಡುವೆ ಸಾಮಾನ್ಯ ವೈದ್ಯರೂ ಇದನ್ನು ಬರೆದುಕೊಡಲು ಬಿಟ್ಟಿತು. ನಾಲ್ಕೇ ವರ್ಷಗಳಲ್ಲಿ ಅಲ್ಲಿ ಅತಿ ಡೋಸ್‌ನ ಸಾವುಗಳಲ್ಲಿ ಐದರಲ್ಲಿ ನಾಲ್ಕು ಪಾಲು ಕಡಿಮೆಯಾಯಿತು. ನಮ್ಮಲ್ಲಿ ಪಂಜಾಬ್ ಸರ್ಕಾರ 2017ರಿಂದ ಹೊರರೋಗಿ ಕ್ಲಿನಿಕ್‌ಗಳನ್ನು ತೆರೆದು ಇದೇ ಮಾತ್ರೆ ಕೊಡುತ್ತಿದೆ. ಅಡ್ಮಿಟ್ ಆಗಬೇಕಿಲ್ಲ, ಮನೆಯಿಂದ ಬಂದು ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋಗಬಹುದು.

ಈ ವಾರ ನೀವು ಮಾಡಬೇಕಾದದ್ದು

1. ಏನು, ಎಷ್ಟು, ಹೇಗೆ ಎಂದು ತಿಳಿಯಿರಿ. ಹೆದರಿಸದೆ ಕೇಳಿ. ಯಾವ ಮಾತ್ರೆ, ದಿನಕ್ಕೆ ಎಷ್ಟು, ನುಂಗುವುದೋ ಹೊಗೆ ಎಳೆಯುವುದೋ ಸೂಜಿಯೋ, ಜೊತೆಗೆ ಕುಡಿತ ಇದೆಯೋ, ನಿದ್ದೆ ಮಾತ್ರೆ ಇದೆಯೋ. ಖಾಲಿಯಾದ ಮಾತ್ರೆಯ ಪಟ್ಟಿ, ಕಂದು ಗೆರೆಯಂತೆ ಸುಟ್ಟ ಅಲ್ಯೂಮಿನಿಯಂ ಹಾಳೆ, ಸಿರಿಂಜಿನ ಮುಚ್ಚಳ ಕಂಡರೆ ಸಿಟ್ಟಿನಲ್ಲಿ ಬಿಸಾಡಬೇಡಿ. ಮಾತ್ರೆಪಟ್ಟಿಯನ್ನಾದರೂ ಡಾಕ್ಟರಿಗೆ ತೋರಿಸಿ. ಬಿರುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ, ಬಾತ್‌ರೂಮಿನಲ್ಲಿ ಬಹಳ ಹೊತ್ತು, ಸಂಜೆಗತ್ತಲಲ್ಲೂ ಸೂಜಿಮೊನೆಯಷ್ಟೇ ಚಿಕ್ಕದಾಗಿರುವ ಕಣ್ಣಪಾಪೆ, ಇವು ಸೇರಿ ಕಂಡರೆ ಅನುಮಾನಕ್ಕೆ ಕಾರಣವಿದೆ. ಒಂದೊಂದೇ ಕಂಡರೆ ದುಡುಕಬೇಡಿ.

2. ಫೋನ್ ಮಾಡಿ. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಆರೋಗ್ಯಕ್ಕೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ 14416; ಇಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ. ಹುಡುಗ ಬರಲೊಪ್ಪದಿದ್ದರೂ ಮನೆಯವರು ಕರೆ ಮಾಡಿ ಸಲಹೆ ಪಡೆಯಬಹುದು.

3. ಸರ್ಕಾರಿ ಬಾಗಿಲು ಮೊದಲು ತಟ್ಟಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಜಿಲ್ಲಾಸ್ಪತ್ರೆಗಳಲ್ಲಿ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯರಿರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬಂದು ನೋಡುವ ಏರ್ಪಾಡಿದೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ, ಇಲ್ಲದಿದ್ದರೆ ಬಸ್ ಚಾರ್ಜು ದಂಡ. ಸೂಜಿ ಚುಚ್ಚಿಕೊಳ್ಳುವವರಿಗೆ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಕೇಂದ್ರಗಳಲ್ಲಿ ಇದೇ ಮದ್ದು ಉಚಿತ. ನಿಮ್ಮ ಜಿಲ್ಲೆಗೆ ಹತ್ತಿರದ್ದು ಯಾವುದೆಂದು ಏಡ್ಸ್ ಸಹಾಯವಾಣಿ 1097ರಲ್ಲಿ ತಿಳಿಯಬಹುದು.

4. ಹೊರಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ‘ನಿಮ್ಮಲ್ಲಿ ಬ್ಯೂಪ್ರಿನಾರ್ಫಿನ್ ಇದೆಯೇ?’ ಬೀದಿಯ ಮೆಡಿಕಲ್ ಶಾಪಿನಲ್ಲಿ ಇದು ಸಿಗುವುದಿಲ್ಲ, ಎಲ್ಲ ಆಸ್ಪತ್ರೆಗಳಲ್ಲೂ ದಾಸ್ತಾನು ಇರುವುದಿಲ್ಲ. ‘ಇಲ್ಲ’ ಎಂದರೆ ‘ಎಲ್ಲಿಗೆ ಕಳಿಸುತ್ತೀರಿ, ಪತ್ರ ಕೊಡಿ’ ಎಂದು ಕೇಳಿ. ‘ಅದೆಲ್ಲ ಬೇಡ, ನಮ್ಮಲ್ಲಿ ಧ್ಯಾನ, ಯೋಗ, ಶಿಸ್ತು ಇದೆ’ ಎಂಬ ಉತ್ತರ ಬಂದರೆ ಆ ಜಾಗ ಓಪಿಯಾಯ್ಡ್‌ಗೆ ತಕ್ಕದ್ದಲ್ಲ.

5. ಮೊದಲ ದಿನ ಎದುರಿಸಬೇಕಾದದ್ದು. ಸೀಟಿನಲ್ಲಿ ಹೆರಾಯಿನ್ ಇನ್ನೂ ಕೂತಿರುವಾಗಲೇ ಬ್ಯೂಪ್ರಿನಾರ್ಫಿನ್ ಕೊಟ್ಟರೆ ಅದು ಹೆರಾಯಿನನ್ನು ಎಬ್ಬಿಸಿ ಓಡಿಸುತ್ತದೆ. ಆಗ ಎರಡು ದಿನದ ಯಾತನೆ ಅರ್ಧ ತಾಸಿನಲ್ಲಿ ಮೈಮೇಲೆ ಬಂದ ಹಾಗಾಗುತ್ತದೆ. ಆದ್ದರಿಂದ ಮೊದಲ ಮಾತ್ರೆಗೆ ಮುನ್ನ ಆಕಳಿಕೆ, ಮೂಗುಸೋರುವಿಕೆ ಶುರುವಾಗಿರಬೇಕು. ‘ಕೊನೆಯ ಸಲ ಯಾವಾಗ ತಗೊಂಡೆ’ ಎಂದು ಡಾಕ್ಟರು ಕೇಳಿದಾಗ ನಿಜ ಹೇಳಲು ಅವನಿಗೆ ಎಡೆ ಕೊಡಿ. ಆ ಒಂದು ನಿಮಿಷ ನೀವು ಹೊರಗಿದ್ದರೂ ನಡೆಯುತ್ತದೆ.

6. ಮಾತ್ರೆ ನುಂಗುವುದಲ್ಲ. ನಾಲಿಗೆಯಡಿ ಇಟ್ಟುಕೊಳ್ಳಬೇಕು. ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರು. ಆಮೇಲೆ ಕರಗುವ ತನಕ ನೀರಿಲ್ಲ, ಮಾತಿಲ್ಲ, ಚಹಾ ಇಲ್ಲ. ಕರಗಲು ಐದು-ಹತ್ತು ನಿಮಿಷ ಬೇಕು. ಹೊಟ್ಟೆಗೆ ಹೋದರೆ ಬಹುಪಾಲು ವ್ಯರ್ಥ. ಆಸ್ಪತ್ರೆಯಲ್ಲಿ ನರ್ಸಮ್ಮ ಎದುರೇ ಕೂರಿಸಿ, ಕೊನೆಗೆ ‘ಆ ಅನ್ನು, ನಾಲಿಗೆ ಎತ್ತು’ ಎಂದು ಟಾರ್ಚ್ ಬಿಟ್ಟು ನೋಡುತ್ತಾರೆ. ಅದು ಅವಮಾನವಲ್ಲ, ಮಾತ್ರೆ ಬಚ್ಚಿಟ್ಟು ಹೊರಗೆ ಮಾರುವವರೂ ಇರುವುದರಿಂದ ಇರುವ ಪದ್ಧತಿ. ಮನೆಗೆ ಕೊಟ್ಟ ಮೇಲೆ ಮಾತ್ರೆಗಳು ಅಮ್ಮನದೋ ಹೆಂಡತಿಯದೋ ಬೀರುವಿನಲ್ಲಿ, ಬೀಗದೊಳಗೆ ಇರಲಿ. ಚಿಕ್ಕ ಮಕ್ಕಳ ಬಾಯಿಗೆ ಒಂದು ಹೋದರೂ ಜೀವಕ್ಕೆ ಅಪಾಯ.

7. ರಕ್ತಪರೀಕ್ಷೆ ಮಾಡಿಸಿ. ಸೂಜಿ ಒಮ್ಮೆ ಹಂಚಿಕೊಂಡಿದ್ದರೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಮೂರೂ ನೋಡಿಸಬೇಕು. ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಲ್ಲಿ ಗುಣವಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

8. ‘ಎಷ್ಟು ದಿನ ಡಾಕ್ಟ್ರೇ?’ ತಿಂಗಳುಗಳು, ಹಲವರಿಗೆ ವರ್ಷಗಳು. ಕೆಲಸ, ನಿದ್ದೆ, ಗೆಳೆಯರ ಬಳಗ, ಮನೆಯ ಮಾತುಕತೆ ನೆಟ್ಟಗಾದ ಮೇಲೆ ಡಾಕ್ಟರೇ ಮೆಲ್ಲಗೆ ಇಳಿಸುತ್ತಾರೆ. ಮದುವೆ ಗೊತ್ತಾಯಿತು, ಮಾತ್ರೆ ನಿಲ್ಲಿಸಿ ಎಂದು ಅವಸರ ಮಾಡುವ ಹಿರಿಯರಿಗೆ ನೀವೇ ಅಡ್ಡ ನಿಲ್ಲಬೇಕು.

ಮಾತ್ರೆಯ ಜೊತೆಗೆ ಆಪ್ತಸಲಹೆ ಬೇಡವೇ? ಬೇಕು. ಯಾವ ಗೆಳೆಯ, ಯಾವ ಬೀದಿ, ಸಂಬಳದ ಯಾವ ದಿನ ತುಡಿತ ಏಳುತ್ತದೆ ಎಂದು ಕೂತು ಮಾತಾಡಿ ದಾರಿ ಹುಡುಕುವುದು ಆಪ್ತಸಲಹೆಯ ಕೆಲಸ. ಆದರೆ ಆಪ್ತಸಲಹೆಗಾರರು ಸಿಕ್ಕಿಲ್ಲವೆಂದು ಮದ್ದನ್ನು ಮುಂದೂಡಬಾರದು.

ಪೊಲೀಸ್ ಕೇಸಿನ ಭಯ

ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳಿಬಿಡುತ್ತಾರೆ, ಕೇಸಾಗುತ್ತದೆ, ಪಾಸ್‌ಪೋರ್ಟ್ ಹೋಗುತ್ತದೆ ಎಂಬ ಭಯ ಬಹಳ ಮನೆಗಳನ್ನು ಕಟ್ಟಿಹಾಕಿದೆ. ಮಾದಕ ದ್ರವ್ಯ ಸೇವನೆ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಡಿ ಅಪರಾಧ ಎಂಬುದು ನಿಜ. ಅದೇ ಕಾಯ್ದೆಯ 64ಎ ಕಲಮನ್ನು ಮಾತ್ರ ಯಾರೂ ಹೇಳುವುದಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕ ದ್ರವ್ಯದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹಿಂದಕ್ಕೆ ಹೋಗಬಹುದು. ಕೇಸಿನಲ್ಲಿ ಸಿಕ್ಕಿರುವವರು ವಕೀಲರಿಗೆ ಈ ಕಲಮನ್ನು ನೆನಪಿಸಿ, ಆಸ್ಪತ್ರೆಯ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಡಿ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೇ ಸೇರಿಸಿದೆ. ಹಾಗಾಗಿ ರೋಗಿಯ ವಿವರ ಗೋಪ್ಯವಾಗಿರಬೇಕು. ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ಉಳಿದ ಕಾಯಿಲೆಗಳಂತೆಯೇ ವಿಮೆ ಒದಗಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ಪಾಲಿಸಿಯ ಷರತ್ತುಗಳಲ್ಲಿ ವ್ಯಸನದ ಬಗ್ಗೆ ಏನಿದೆ ಎಂದು ಮೊದಲೇ ಓದಿ.

ಖಾಸಗಿ ಸೆಂಟರ್‌ಗೆ ಸೇರಿಸುವ ಮುನ್ನ

ಒಳ್ಳೆಯ ಖಾಸಗಿ ಕೇಂದ್ರಗಳು ಇವೆ. ಕೇಂದ್ರ ಸರ್ಕಾರದ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳೂ ಇವೆ. ಆದರೆ ಬಾಡಿಗೆ ಮನೆಯೊಂದಕ್ಕೆ ಕಬ್ಬಿಣದ ಗೇಟು ಹಾಕಿ, ಹಳೆಯ ವ್ಯಸನಿಗಳನ್ನೇ ಕಾವಲಿಗೆ ನಿಲ್ಲಿಸಿ ನಡೆಸುವ ಜಾಗಗಳೂ ಇವೆ. ಎರಡಕ್ಕೂ ಬೋರ್ಡು ಒಂದೇ ತರಹ ಇರುತ್ತದೆ. ಗುರುತಿಸುವುದು ಹೇಗೆ?

ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪ್ರಮಾಣಪತ್ರ ತೋರಿಸಿ ಎನ್ನಿ. ಮನೋವೈದ್ಯರ ಹೆಸರೇನು, ವಾರಕ್ಕೆ ಎಷ್ಟು ಸಲ ಬರುತ್ತಾರೆ, ಮನೆಯವರು ಯಾವಾಗ ಬಂದು ನೋಡಬಹುದು, ಫೋನಿನಲ್ಲಿ ಮಾತಾಡಬಹುದೇ ಎಂದು ಕೇಳಿ. ‘ಮೊದಲ ಒಂದು ತಿಂಗಳು ಭೇಟಿ ಇಲ್ಲ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಮಲಗುವ ಕೋಣೆ ನೋಡಲು ಬಿಡದಿದ್ದರೂ ಎದ್ದು ಬನ್ನಿ. ಸರಪಳಿಯಲ್ಲಿ ಕಟ್ಟುವುದನ್ನು ಮಾನಸಿಕ ಆರೋಗ್ಯ ಕಾಯ್ದೆ ಯಾವ ರೂಪದಲ್ಲೂ ಒಪ್ಪುವುದಿಲ್ಲ.

‘ಗಾಡಿ ಕಳಿಸಿ ಎತ್ತಾಕಿಕೊಂಡು ಹೋಗ್ತೀವಿ’ ಎಂಬ ಸೇವೆಗೂ ಕಾನೂನಿನ ಬೆಂಬಲವಿಲ್ಲ. ರೋಗಿಯ ಒಪ್ಪಿಗೆಯಿಲ್ಲದೆ ಸೇರಿಸಲು ದಾರಿಯಿದೆ, ಅದು ಕಿರಿದಾದ ದಾರಿ. ತನ್ನ ಅಥವಾ ಇತರರ ಜೀವಕ್ಕೆ ಅಪಾಯ ಇರುವಂಥ ಗಂಭೀರ ಸ್ಥಿತಿಯಾಗಿರಬೇಕು, ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಅವಧಿ 30 ದಿನ ಮೀರಬಾರದು. ಅದರಾಚೆಗೆ ಬೇರೆಯೇ ಪ್ರಕ್ರಿಯೆ ಇದೆ. ಹೊಡೆದು ಎಳೆದೊಯ್ದವರ ಜೊತೆ ಹೋದ ಹುಡುಗ ಹೊರಗೆ ಬಂದ ಮೇಲೆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ ಎಂಬುದು ಕಾನೂನಿಗಿಂತ ದೊಡ್ಡ ಕಾರಣ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕುಡಿತದ ಶಿಬಿರಕ್ಕೆ ಕಳಿಸುವುದು. ನಮ್ಮ ಹಳ್ಳಿಗಳ ಮದ್ಯವರ್ಜನ ಶಿಬಿರಗಳಿಂದ ಕುಡಿತ ಬಿಟ್ಟವರಿದ್ದಾರೆ. ಆದರೆ ಅವು ರೂಪುಗೊಂಡದ್ದು ಮದ್ಯಕ್ಕಾಗಿ. ಹೆರಾಯಿನ್, ಟಪೆಂಟಡಾಲ್‌ನ ದಾರಿ ಬೇರೆ, ಮದ್ದೂ ಬೇರೆ.

ಗೊತ್ತಾಗದಂತೆ ಊಟದಲ್ಲಿ ಬೆರೆಸುವ ‘ಚಟ ಬಿಡಿಸುವ ಪುಡಿ’. ಗೋಡೆಗಳ ಮೇಲೆ, ಮೊಬೈಲಿನಲ್ಲಿ ಜಾಹೀರಾತು ಬರುತ್ತಲೇ ಇರುತ್ತದೆ. ಒಳಗೇನಿದೆ ಎಂದು ಹೇಳದ ಪುಡಿಯನ್ನು ಮಗನಿಗೆ ಉಣಿಸಬೇಡಿ.

ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ನಂಬಿಕೆ. ಇದರ ಬೆಲೆ ತೆರುವುದು ಬೇರೆ ಮನೆಯ ಹುಡುಗಿ.

ಬ್ಯೂಪ್ರಿನಾರ್ಫಿನ್ ಮೇಲೆ ಕುಡಿಯುವುದು, ನಿದ್ದೆ ಮಾತ್ರೆ ಸೇರಿಸುವುದು. ಒಂಟಿಯಾಗಿ ಈ ಮದ್ದು ಉಸಿರನ್ನು ಅಷ್ಟಾಗಿ ಕುಗ್ಗಿಸದಿದ್ದರೂ ಅವುಗಳ ಜೊತೆ ಸೇರಿದರೆ ಕುಗ್ಗಿಸುತ್ತದೆ. ಡಾಕ್ಟರಿಗೆ ಮುಚ್ಚಿಡಬಾರದ ವಿಷಯ ಇದು.

ಬಸುರಿ ಹೆಂಗಸು ತಾನಾಗಿ ಒಮ್ಮೆಲೇ ನಿಲ್ಲಿಸುವುದು. ಹೊಟ್ಟೆಯ ಮಗುವಿಗೆ ಒಳ್ಳೆಯದಾಗಲೆಂದೇ ಹಾಗೆ ಮಾಡುತ್ತಾರೆ, ಆದರೆ ದಿಢೀರ್ ನಿಲುಗಡೆ ಬಸಿರಿಗೇ ಅಪಾಯ. ಬಸಿರಿನಲ್ಲೂ ಬ್ಯೂಪ್ರಿನಾರ್ಫಿನ್ ಅಥವಾ ಮೆಥಡೋನ್ ಚಿಕಿತ್ಸೆಯೇ ಒಪ್ಪಿತವಾದ ದಾರಿ. ಹೆಂಗಸರ ಚಟ ಮನೆಯೊಳಗೇ ಮುಚ್ಚಿಹೋಗುತ್ತದೆ. ಆಸ್ಪತ್ರೆಯ ಸಾಲಿನಲ್ಲಿ ಅವರು ಕಾಣದಿರುವುದಕ್ಕೆ ಅವರಿಗೆ ಚಟವಿಲ್ಲ ಎಂಬುದು ಕಾರಣವಲ್ಲ.

ಒಮ್ಮೆ ಜಾರಿದ ಕೂಡಲೇ ‘ಎಲ್ಲ ನೀರಲ್ಲಿ ಹೋಮ’ ಎಂದು ಚಿಕಿತ್ಸೆ ಬಿಡಿಸುವುದು. ಮಧುಮೇಹದವರ ಸಕ್ಕರೆ ಏರಿದಾಗ ಇನ್ಸುಲಿನ್ ನಿಲ್ಲಿಸುತ್ತೇವೆಯೇ? ಜಾರಿದವನನ್ನು ಮರುದಿನವೇ ಅದೇ ಡಾಕ್ಟರ ಬಳಿಗೆ ಕರೆದೊಯ್ಯಿರಿ.

ಇಲ್ಲೊಂದು ಮಾತು ಬೇರೆಯಾಗಿಯೇ ಹೇಳಬೇಕು. ಕ್ಯಾನ್ಸರ್ ನೋವಿಗೆ ಡಾಕ್ಟರು ಮಾರ್ಫಿನ್ ಬರೆದುಕೊಟ್ಟಿದ್ದರೆ, ಈ ಲೇಖನ ಓದಿ ಅಜ್ಜಿಗೆ ಅದನ್ನು ಕೊಡುವುದನ್ನು ನಿಲ್ಲಿಸಬೇಡಿ. ಅಳತೆ ತಪ್ಪದ ಮಾರ್ಫಿನ್ ಕ್ಯಾನ್ಸರ್ ನೋವಿಗೆ ಒಳ್ಳೆಯ ಮದ್ದು. ಅಂಥ ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತರಲಾಯಿತು. ನೋವಿನಲ್ಲಿ ನರಳುವವರಿಗೆ ಮಾರ್ಫಿನ್ ಸಿಗದಿರುವುದೂ ಈ ದೇಶದ ಇನ್ನೊಂದು ದೊಡ್ಡ ಕೊರತೆ.

ಉಸಿರು ನಿಲ್ಲುತ್ತಿದೆ ಎಂದರೆ

ಎಬ್ಬಿಸಿದರೆ ಏಳುವುದಿಲ್ಲ, ಉಸಿರು ನಿಧಾನವಾಗಿದೆ ಅಥವಾ ಗಂಟಲಲ್ಲಿ ಗೊರಗೊರ ಸದ್ದು, ತುಟಿ-ಉಗುರು ನೀಲಿ, ಕಣ್ಣಪಾಪೆ ಚುಕ್ಕೆಯಷ್ಟು. ಇದು ಅತಿ ಡೋಸ್. ‘ಚೆನ್ನಾಗಿ ಗೊರಕೆ ಹೊಡೆದು ಮಲಗಿದ್ದಾನೆ’ ಎಂದು ಹೊದಿಕೆ ಹೊದಿಸಿ ಬಂದು, ಬೆಳಿಗ್ಗೆ ಹೆಣ ನೋಡಿದ ಮನೆಗಳಿವೆ.

1. 108ಕ್ಕೆ ಕರೆ ಮಾಡಿ. ಏನು ತೆಗೆದುಕೊಂಡಿದ್ದಾನೆಂದು ಮುಚ್ಚಿಡದೆ ಹೇಳಿ.
2. ಹೆಸರು ಹಿಡಿದು ಜೋರಾಗಿ ಕೂಗಿ, ಎದೆಮೂಳೆಯನ್ನು ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿ.
3. ಉಸಿರಾಡುತ್ತಿಲ್ಲವೆಂದರೆ ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಐದು ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಾಡಿ ಸಿಗದಿದ್ದರೆ ಎದೆ ಒತ್ತಲು ಶುರು ಮಾಡಿ.
4. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಹೋಗದಿರಲಿ. ಒಂಟಿಯಾಗಿ ಬಿಡಬೇಡಿ.
5. ತಲೆಗೆ ತಣ್ಣೀರು ಸುರಿಯುವುದು, ಕಾಫಿ ಕುಡಿಸುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ.

ಆಸ್ಪತ್ರೆಯಲ್ಲಿ ನಾಲೊಕ್ಸೋನ್ ಇಂಜೆಕ್ಷನ್ ಕೊಡುತ್ತಾರೆ. ಅದು ಓಪಿಯಾಯ್ಡನ್ನು ಸೀಟಿನಿಂದ ಎಬ್ಬಿಸಿ ಕೆಲವೇ ನಿಮಿಷದಲ್ಲಿ ಉಸಿರು ಮರಳಿಸುತ್ತದೆ. ಆದರೆ ಅದರ ಬಲ ಅರ್ಧದಿಂದ ಒಂದೂವರೆ ತಾಸು ಮಾತ್ರ. ಆಮೇಲೆ ಮತ್ತೆ ಉಸಿರು ಕುಗ್ಗಬಹುದು. ‘ಎದ್ದು ಕೂತನಲ್ಲ, ಮನೆಗೆ ಹೋಗೋಣ’ ಎಂದು ಹಟ ಮಾಡಬೇಡಿ. ಅಮೆರಿಕದಲ್ಲಿ ಮಕ್ಕಳು ಓದುತ್ತಿರುವವರಿಗೆ ಒಂದು ಮಾತು: ಅಲ್ಲಿ 2023ರಿಂದ ನಾಲೊಕ್ಸೋನ್‌ನ ಮೂಗಿನ ಸ್ಪ್ರೇ ಡಾಕ್ಟರ ಚೀಟಿಯಿಲ್ಲದೆ ಸಿಗುತ್ತದೆ. ಬೀದಿಯ ನಕಲಿ ಮಾತ್ರೆಗಳಲ್ಲಿ ಫೆಂಟನಿಲ್ ಸೇರಿರುವ ನಾಡು ಅದು. ಹಾಸ್ಟೆಲ್ ಕೋಣೆಯಲ್ಲಿ ಒಂದು ಇಟ್ಟುಕೊಂಡರೆ ನಷ್ಟವಿಲ್ಲ.

ಮದ್ದು ಇಲ್ಲ ಎಂದರೆ ಸುಮ್ಮನೆ ಬರಬೇಡಿ

2019ರ ಅದೇ ಸಮೀಕ್ಷೆ ಹೇಳುವಂತೆ, ಅಕ್ರಮ ಮಾದಕ ವಸ್ತುಗಳಿಗೆ ದಾಸರಾದ ಇಪ್ಪತ್ತು ಜನರಲ್ಲಿ ಒಳರೋಗಿಯಾಗಿ ಚಿಕಿತ್ಸೆ ಸಿಕ್ಕಿರುವುದು ಸುಮಾರು ಒಬ್ಬರಿಗೆ. ಉಳಿದ ಹತ್ತೊಂಬತ್ತು ಜನರಿಗೂ ಕಾನೂನು ಹಕ್ಕು ಕೊಟ್ಟಿದೆ. ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದು 2017ರ ಕಾಯ್ದೆಯ 18ನೇ ಕಲಮಿನಡಿ ಪ್ರತಿಯೊಬ್ಬರ ಹಕ್ಕು. ಕಾಯ್ದೆ ಹೇಳಿದ ಕನಿಷ್ಠ ಸೇವೆಗಳು ಜಿಲ್ಲೆಯಲ್ಲಿ ಇಲ್ಲದಿದ್ದರೆ, ಅದೇ ಜಿಲ್ಲೆಯ ಬೇರೆ ಕಡೆ ಪಡೆದ ಚಿಕಿತ್ಸೆಯ ಖರ್ಚನ್ನು ಸರ್ಕಾರವೇ ಭರಿಸಬೇಕು.

ಆದ್ದರಿಂದ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಬ್ಯೂಪ್ರಿನಾರ್ಫಿನ್ ಇಲ್ಲ ಎಂದು ಕೈಯಾಡಿಸಿದರೆ, ಜಿಲ್ಲಾ ಶಸ್ತ್ರಚಿಕಿತ್ಸಕರಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ಒಂದೊಂದು ಪುಟದ ಅರ್ಜಿ ಬರೆದು ಕೊಡಿ. ಮದ್ದಿನ ಹೆಸರು, ಕಾಯ್ದೆಯ ಕಲಮು, ನೀವು ಹೋಗಿದ್ದ ತಾರೀಖು ಇಷ್ಟಿದ್ದರೆ ಸಾಕು. ರೋಗಿಯ ಹೆಸರು ಬರೆಯಬೇಕೆಂದಿಲ್ಲ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.